ಅಡ್ಡ ಹಿಡಿದ ಕೈಯ ಮೇಲೆ ತುಪ್ಪ

ಚನ್ನಗಿರಿಯಲ್ಲಿರುವ ನನ್ನ ತಂಗಿಗೆ ದಿನಾ ಬೆಳಗ್ಗೆ ನನ್ನನ್ನು ಉದ್ಧಾರ ಮಾಡುವ ಚಟ. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಫೋನು ಟಿಂಗ್ ಎನ್ನುತ್ತದೆ. ತೆರೆದರೆ ಒಂದು ತಾವರೆ, ಅದರ ಕೆಳಗೆ ಒಂದು ಬುದ್ಧಿಮಾತು. ನಾನು ಓದದೆ ಒಂದು ಕೈಮುಗಿಯುವ ಚಿತ್ರ ಕಳಿಸಿ ಒಲೆ ಒರೆಸುತ್ತಿದ್ದೆ. ಒಂದು ದಿನ ಮಾತ್ರ ಓದಿಬಿಟ್ಟೆ. ಎದುರಿನವರು ಆಡಿದ ಮಾತನ್ನು ಇದ್ದ ಹಾಗೇ ನಂಬಬೇಕು, ಯಾರನ್ನೂ ಒತ್ತಾಯಿಸಬಾರದು, ಆಗ ಬದುಕು ಹಗುರಾಗುತ್ತದೆ ಎಂದು ಅದರಲ್ಲಿತ್ತು. ನನಗೇ ಬರೆದಂತಿತ್ತು.

ಯಾಕೆಂದರೆ ನ್ಯಾಮತಿಯಲ್ಲಿ ನಮ್ಮ ಮನೆಯ ಊಟಕ್ಕೆ ಜನ ಹೆದರುತ್ತಾರೆ. ನಮ್ಮ ಕಡೆ ಎಲೆಯ ಮುಂದೆ ಕೂತವರು ಮೊದಲ ಸಲ "ಸಾಕು" ಎಂದರೆ ಅದು ಮರ್ಯಾದೆ. ಅದನ್ನು ನಂಬಿದವರು ಬಡಿಸಲು ನಾಲಾಯಕ್ಕು. ನಾನಂತೂ ಎಷ್ಟನೆಯ "ಸಾಕು" ಅನ್ನೂ ನಂಬಿದವಳಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಮೇಲೇ ತುಪ್ಪ ಸುರಿಯುತ್ತಿದ್ದೆ. ನನ್ನ ಭಾವನವರು ಒಮ್ಮೆ ಊಟದ ನಡುವೆಯೇ ಬೆಲ್ಟು ಬಿಚ್ಚಿ ಪಕ್ಕಕ್ಕಿಟ್ಟು, ಅದನ್ನು ಇಲ್ಲೇ ಮರೆತು ಹೋಗಿದ್ದರು. ಇನ್ನು ಸಾಕು, ವಯಸ್ಸಿಗೆ ತಕ್ಕ ವಿವೇಕ ಬರಲಿ ಎಂದು ಅಂದೇ ನಿಶ್ಚಯಿಸಿದೆ.

ನಿಶ್ಚಯಿಸಲು ನಾನು ಆರಿಸಿಕೊಂಡ ವಾರ ಮಾತ್ರ ಕೆಟ್ಟದ್ದು. ಆ ಭಾನುವಾರವೇ ಜಗಳೂರಿನಿಂದ ಮಗಳ ಸಂಬಂಧ ಮಾತಾಡಲು ಹುಡುಗನ ಕಡೆಯವರು ಬರುವವರಿದ್ದರು. ಹುಡುಗನಿಗೆ ಅಲ್ಲೊಂದು ಗೊಬ್ಬರದ ಅಂಗಡಿ. ಅದಕ್ಕೂ ಮುಂಚೆ ಬಂದಿದ್ದ ಒಬ್ಬ ಹುಡುಗನನ್ನು ಮಗಳು ಬೇಡ ಎಂದಿದ್ದಳು. ಅದು ನಿಜವಾದ ಬೇಡ, ಮುಖ ನೋಡಿದರೇ ತಿಳಿಯುತ್ತಿತ್ತು. ಈ ಹುಡುಗನ ಹೆಸರು ಬಂದಾಗ ಮಾತ್ರ ಅವಳು ಸುಮ್ಮನೆ ಎದ್ದು ಹೋಗಿ, ಯಾರೂ ಹೇಳದಿದ್ದರೂ ಪಾತ್ರೆ ತೊಳೆಯತೊಡಗಿದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ. ಇದು ಕೂಡಿ ಬರಲಪ್ಪಾ ಎಂದು ನಾನು ಹೋಳಿಗೆಯ ಹೂರಣ ರುಬ್ಬುತ್ತಲೇ ದೇವರನ್ನು ಪೀಡಿಸಿದೆ.

ಹುಡುಗನ ತಂದೆ, ತಾಯಿ, ದೊಡ್ಡಪ್ಪ ಬಂದರು. ಊಟಕ್ಕೆ ಕೂತರು. ನಾನು ಒಂದೊಂದು ಹೋಳಿಗೆ ಬಡಿಸಿ ಎರಡನೆಯದಕ್ಕೆ ಕೈ ಹಾಕಿದೆ.

"ಸಾಕ್ರಿ ಅಕ್ಕಾರೆ," ಎಂದರು ಹುಡುಗನ ತಾಯಿ.

ನನಗೆ ತಾವರೆ ನೆನಪಾಯಿತು. "ಆಗ್ಲಿ ಬಿಡ್ರಿ," ಎಂದು ತಟ್ಟೆ ವಾಪಸ್ ಒಯ್ದೆ.

ದೊಡ್ಡಪ್ಪ ಒಳಗೆ ಹೋಗುತ್ತಿದ್ದ ತಟ್ಟೆಯನ್ನು ಕಣ್ಣಿನಲ್ಲೇ ಬೀಳ್ಕೊಟ್ಟರು. ಅನ್ನ ತಂದಾಗ ಮೂವರೂ ಪದ್ಧತಿಯಂತೆ ಎಲೆಗೆ ಕೈ ಅಡ್ಡ ಹಿಡಿದರು. ನಾನು ಆ ಕೈಗಳನ್ನೂ ಗೌರವಿಸಿದೆ. ನನ್ನ ಯಜಮಾನರು ಕಣ್ಣು ಅರಳಿಸಿದರು, ಕೆಮ್ಮಿದರು, ಕೊನೆಗೆ ಮೊಣಕೈಯಿಂದ ನೀರಿನ ಲೋಟವನ್ನೇ ಉರುಳಿಸಿದರು. ನಾನು ಶಾಂತವಾಗಿ ನೆಲ ಒರೆಸಿದೆ. ನಿಜ ಹೇಳುತ್ತೇನೆ, ಬದುಕು ಬಹಳ ಹಗುರಾಗಿತ್ತು.

ಹೊರಡುವಾಗ ಹುಡುಗನ ತಂದೆ, "ಊರಿಗೆ ಹೋಗಿ ತಿಳಿಸ್ತೀವಿ," ಎಂದರು. ತಿಳಿಸುತ್ತಾರಲ್ಲ ಎಂದು ಅದನ್ನೂ ನಂಬಿದೆ.

ಗೇಟು ಹಾಕಿದ್ದೇ ತಡ, ಯಜಮಾನರು ಶುರು ಮಾಡಿದರು. "ಹೋಗಿ ತಿಳಿಸ್ತೀವಿ ಅಂದ್ರೆ ಏನಂತ ಗೊತ್ತೇನೆ ನಿಂಗೆ? ಆ ಮನುಷ್ಯ ಬರೀ ಎಲೆ ನೆಕ್ಕಿ ಎದ್ದ! ಏನಾಗೈತೆ ನಿಂಗೆ?"

ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. "ಅಮ್ಮಾ, ಅವ್ರು ಬರೀ ಒಂದೊಂದು ಹೋಳಿಗೆ ತಿಂದ್ರು," ಎಂದಳು. ಅಷ್ಟೇ ಅಂದದ್ದು. ಉಳಿದ ಹೋಳಿಗೆಯನ್ನೆಲ್ಲ ಡಬ್ಬಿಗೆ ತುಂಬಿ, ಯಜಮಾನರ ಸ್ಕೂಟರಿನ ಹಿಂದೆ ಕೂತು ಬಸ್ ಸ್ಟ್ಯಾಂಡಿಗೆ ಓಡಿಸಿದೆ. ಓಡಿಸಿದ್ದು ಅವರು, ಬೈದದ್ದು ನಾನು.

ಅವರು ಹತ್ತಬೇಕಿದ್ದ ಹೊನ್ನಾಳಿ ಬಸ್ಸು ಇನ್ನೂ ಬಂದಿರಲಿಲ್ಲ. ನಮ್ಮ ಬೀಗರಾಗಬೇಕಾದವರು ಮಿರ್ಚಿ ಅಂಗಡಿಯ ಮುಂದೆ ಸಾಲಾಗಿ ನಿಂತು, ಪೇಪರಿನಲ್ಲಿ ಮಂಡಕ್ಕಿ ಹಿಡಿದು ಗಬಗಬನೆ ತಿನ್ನುತ್ತಿದ್ದರು. ನನ್ನನ್ನು ಕಂಡದ್ದೇ ದೊಡ್ಡಪ್ಪ ಕೈಲಿದ್ದ ಮಿರ್ಚಿಯನ್ನು ಜುಬ್ಬಾದ ಜೇಬಿಗೆ ಇಳಿಸಿದರು.

"ಹಸಿವಾಗಿತ್ತೇನ್ರಿ?" ಎಂದೆ.

"ಛೇ ಛೇ, ಹೊಟ್ಟೆ ತುಂಬೈತ್ರಿ," ಎಂದರು ದೊಡ್ಡಪ್ಪ. ಬಿಳಿ ಜುಬ್ಬಾದ ಮೇಲೆ ಎಣ್ಣೆ ನಿಧಾನವಾಗಿ ಮೂಡುತ್ತಿತ್ತು. ನಾವೆಲ್ಲರೂ ಅದನ್ನೇ ನೋಡುತ್ತಾ ನಿಂತೆವು.

ಕೊನೆಗೆ ಹುಡುಗನ ತಾಯಿಯೇ ಬಾಯಿ ಬಿಟ್ಟರು. "ಅಲ್ರಿ ಅಕ್ಕಾರೆ, ಬಾಯಿ ಮಾತಿಗಾದ್ರೂ ಇನ್ನೊಂದು ಹಾಕಿಸ್ಕೊಳ್ರಿ ಅನ್ಲಿಲ್ಲ ನೀವು. ನಮ್ ಸಂಬಂಧ ನಿಮಗೆ ಹಿಡಿಸ್ಲಿಲ್ಲ, ಹೇಳಾಕೆ ನಾಚ್ಕೆಂತಾರೆ ಅಂದ್ಕೊಂಡ್ವಿ. ನಮ್ ಹುಡುಗಂಗೆ ಹೆಂಗೆ ಹೇಳೋದು ಅಂತ ಅದೇ ಚಿಂತೆ."

ಬೇರೆ ದಾರಿಯಿರಲಿಲ್ಲ. ಫೋನು ತೆಗೆದು ತಾವರೆ ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. "ಇದು ನಂಗೂ ಬಂದಿತ್ರಿ," ಎಂದರು. "ಇಂಥವನ್ನ ಯಾರಾದ್ರೂ ಓದಾಕೆ ಹೋಗ್ತಾರೇನ್ರಿ?"

"ತಪ್ಪಾತು. ಈಗ ಮನೆಗೆ ಬರ್ರಿ, ಮತ್ತೆ ಎಲೆ ಹಾಕ್ತೀನಿ."

"ಬ್ಯಾಡ ಬಿಡ್ರಿ. ಅಗೋ, ಬಸ್ ಬಂತು."

ಬಸ್ಸು ನಿಜಕ್ಕೂ ಬಂದಿತ್ತು. ಈ ಬೇಡ ಮರ್ಯಾದೆಯದೋ, ಮನಸ್ಸಿನದೋ? ಅವರ ಮುಖ ನೋಡಿದೆ. ಬಾಯಿ ಬೇಡ ಎನ್ನುತ್ತಿತ್ತು, ಕಣ್ಣು ಹೋಳಿಗೆಯ ಡಬ್ಬಿಯ ಮೇಲಿತ್ತು. ನಾನು ಅವರ ಕೈಚೀಲ ಕಸಿದುಕೊಂಡು ಮನೆಯ ದಾರಿ ಹಿಡಿದೆ. "ಅಯ್ಯೋ, ಬ್ಯಾಡ್ರಿ, ಬ್ಯಾಡಂದ್ರೆ ಬ್ಯಾಡ," ಎನ್ನುತ್ತಾ ಅವರು ನನ್ನನ್ನೂ ದಾಟಿ ಮುಂದೆ ನಡೆದರು. ಆ ಸಂಜೆ ದೊಡ್ಡಪ್ಪನವರೂ ಬೆಲ್ಟು ಬಿಚ್ಚಿದರು. ಮಾತು ಮುಗಿದು ಎಲೆಅಡಿಕೆ ಬದಲಾಯಿತು. ಮಗಳು ಒಳಗೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಈಗ ಅವಳು ಜಗಳೂರಿನ ಸೊಸೆ. ಮೊನ್ನೆ ನನಗೆ ಜ್ವರ ಬಂದಿತ್ತು. ಫೋನಿನಲ್ಲಿ ಕೆಮ್ಮು ಕೇಳಿಸಿ, "ಬರ್ಲೇನಮ್ಮಾ?" ಎಂದಳು.

"ಬ್ಯಾಡ ಬಿಡೇ. ಅಲ್ಲಿ ನಿಂಗೆ ನೂರೆಂಟು ಕೆಲ್ಸ ಐತೆ. ಬರೀ ನೆಗಡಿ ಇದು."

"ಸರಿ," ಎಂದು ಇಟ್ಟುಬಿಟ್ಟಳು.

ಸರಿಯಂತೆ! ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದೆ. ಅಷ್ಟು ಬೇಗ ನಂಬಿಬಿಟ್ಟಳಲ್ಲ ಎಂದು ಅಳುವೇ ಬಂತು. ಆ ಹಾಳು ತಾವರೆಯನ್ನು ನನ್ನ ತಂಗಿ ಇವಳಿಗೂ ಕಳಿಸಿರಬೇಕು ಎಂದು ಅನುಮಾನ ಹುಟ್ಟಿ, ತಂಗಿಗೆ ಬೈಯಲು ಫೋನು ಹುಡುಕಿದೆ, ಸಿಗಲಿಲ್ಲ.

ಮರುದಿನ ಮಧ್ಯಾಹ್ನ ಗೇಟು ಸದ್ದಾಯಿತು. ನೋಡಿದರೆ ಮಗಳು, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಅತ್ತೆ ಕಟ್ಟಿಕೊಟ್ಟ ಡಬ್ಬಿ.

"ಬ್ಯಾಡ ಅಂದಿದ್ನಲ್ಲೇ!"

"ಅಂದ್ಯಲ್ಲ, ಅದಕ್ಕೇ ಬಂದೆ," ಎಂದು ಸೀದಾ ಅಡುಗೆಮನೆಗೆ ಹೋದಳು.

ಅನ್ನ ಮೆತ್ತಗೆ ಮಾಡಿ ತಂದು ಮುಂದಿಟ್ಟಳು. ತುಪ್ಪದ ಗಿಂಡಿ ಎತ್ತಿದಾಗ ಜ್ವರದ ಬಾಯಿಗೆ ಸೇರುವುದಿಲ್ಲ ಎಂದು ತಟ್ಟೆಗೆ ಕೈ ಅಡ್ಡ ಹಿಡಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಬೆರಳ ಮೇಲೇ ಸುರಿದಳು.