ಸಾವಕಾರರ ಕಾರಿನ ಎಡಮಗ್ಗುಲು

ಗೆಳೆಯರೇ, ಇವತ್ತು ನನಗೆ ಹೊಟ್ಟೆಕಿಚ್ಚಾಗಿದೆ, ಮುಚ್ಚಿಡುವುದೇನು? ನಾನು ನೇಯ್ದ ಸೀರೆ ಕೊಳ್ಳುವ ಸಾವಕಾರರು ಬೆಳಿಗ್ಗೆ ಅದರ ಒಳಮೈ ಹೊರಮೈ ಎರಡನ್ನೂ ಬಿಸಿಲಿಗೆ ಹಿಡಿದು ನೋಡಿ, "ದಡ್ಯಾಗ ಒಂದ ಎಳಿ ತಪ್ಪೇತಲ್ಲೋ" ಎಂದು ಅಂಚಿನ ಆ ಒಂದು ಎಳೆ ತೋರಿಸಿ ಮರಳಿಸಿದರು.

ಮಧ್ಯಾಹ್ನ ಅವರ ವಿಲಾಯತಿ ಕಾರು ನಮ್ಮೂರು ಗಜೇಂದ್ರಗಡಕ್ಕೆ ಬಂತು. ಹಳೆಯದು. ಮುಂಬಯಿಯ ಯಾರೋ ಗುರುತಿಲ್ಲದ ವ್ಯಾಪಾರಿ ಅಂಚೆಯಲ್ಲಿ ಕಳಿಸಿದ ಒಂದೇ ಒಂದು ಫೋಟೋ ನೋಡಿ ಕೊಂಡದ್ದು. ಬಲಮಗ್ಗುಲು ಫೋಟೋದಂತೆಯೇ ಥಳಥಳ ಹೊಳೆಯುತ್ತಿತ್ತು. ನಾನು ಸುತ್ತಿ ಎಡಕ್ಕೆ ಹೋದೆ. ಅಲ್ಲಿ ತಗಡು ನಜ್ಜುಗುಜ್ಜಾಗಿತ್ತು, ಬಾಗಿಲಿಗೆ ಹಗ್ಗ ಬಿಗಿದಿದ್ದರು. ನನಗೆ ಹಬ್ಬ!

"ಸಾವಕಾರ್ರ, ಈ ಮಗ್ಗಲಾ ನೋಡಲಿಲ್ಲೇನ್ರಿ?"

"ಫೋಟೋದಾಗ ಅದು ಇರಲಿಲ್ಲಪಾ" ಎಂದು ನಗುತ್ತ, ಬಲಬಾಗಿಲಿಂದ ಹತ್ತಿ ಕುಳಿತೇಬಿಟ್ಟರು.

ಊರೆಲ್ಲ ಬಲಗಡೆ ನೆರೆದಿತ್ತು. ಎಡಗಡೆ ನಾನೊಬ್ಬನೇ.

"ಅಲ್ಲೇನ್ ಮಾಡಾಕತ್ತೀರಿ? ಈ ಕಡಿ ಬರ್ರಿ, ಎಷ್ಟ ಚಂದ ಐತಿ!" ಕಾರಿನೊಳಗೆ ಸಾವಕಾರರ ಹೆಂಡತಿಯ ಪಕ್ಕ ಕುಳಿತು ಕೂಗಿದವಳು ನನ್ನ ಹೆಂಡತಿ.

ಇನ್ನು ಮುಂದೆ ನಾನೂ ಸೀರೆ ಒಯ್ಯುವುದಿಲ್ಲ, ಫೋಟೋ ಒಯ್ಯುತ್ತೇನೆ.