ಗಾಬರಿಯಕ್ಕನ ಎದೆಬಡಿತ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಗಾಬರಿಯಕ್ಕ. ಕುಕ್ಕರ್ ಕೂಗಿದರೂ ಬೆಚ್ಚಿಬೀಳುವವಳು. ಗಂಡ ಬರುವುದು ಸ್ವಲ್ಪ ತಡವಾಯಿತೋ, ಗೇಟಿಗೆ ಬಂದು ನಿಂತು ಹೋಗುವ ಬರುವ ಸೈಕಲ್ಲುಗಳನ್ನೆಲ್ಲ ತಡೆದು ವಿಚಾರಿಸುವವಳು. "ಜೀವ ಕೈಯಲ್ಲಿ ಹಿಡ್ಕೊಂಡೇ ಹುಟ್ಟಿದವಳು ಕಣೇ ನೀನು" ಎಂದು ಗಂಡ ನಗುತ್ತಿದ್ದ.

ಆದರೆ ಈ ಸಲದ ಹೆದರಿಕೆಗೆ ಕಾರಣವಿತ್ತು, ನಗುವವರು ನಗಲಿ. ಗಂಡ ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಔಷಧಿ ಹೊಡೆಯುವವನು. ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಹುಳಕ್ಕೆ ವಿಷ ಸಿಂಪಡಿಸುವುದೇ ಕೆಲಸ. ಅವನ ಜೊತೆಗಾರನೊಬ್ಬ, ಎಲ್ಲರೂ ದಡಿಯ ಎನ್ನುತ್ತಿದ್ದ ಗಟ್ಟಿ ಆಳು, ಒಂದು ಮಧ್ಯಾಹ್ನ ಟ್ಯಾಂಕು ಬೆನ್ನಿಗಿದ್ದ ಹಾಗೇ ಗಿಡಗಳ ನಡುವೆ ಕುಸಿದವನು ಮತ್ತೆ ಏಳಲಿಲ್ಲ. ಹಾರ್ಟು ಎಂದರು. ವರ್ಷಗಟ್ಟಲೆ ಆ ವಿಷ ಮೈಗೆ ಸೇರಿದರೆ ಹೃದಯವೂ ಕೆಡಬಹುದಂತೆ ಎಂದು ಯಾರೋ ಆಡಿಕೊಂಡದ್ದು ಇವಳ ಕಿವಿಗೆ ಬಿತ್ತು.

ಕೆಲಸ ಬಿಡಿ ಎಂದರೆ ಬಿಡುವ ಆಸಾಮಿಯಲ್ಲ ಅವನು. ಸರಿ, ನನ್ನ ಕೈಲಾದದ್ದು ನಾನು ಮಾಡುತ್ತೇನೆ ಎಂದು ಅವನ ಬಟ್ಟೆಯ ಬೆನ್ನು ಹತ್ತಿದಳು. ಸಂಜೆ ಅವನು ಬಾಗಿಲಿಗೆ ಬರುತ್ತಲೇ, "ನಿಲ್ಲಿ ನಿಲ್ಲಿ, ಅಂಗಿ ಅಲ್ಲೇ ಬಿಚ್ಚಿ. ಆಮೇಲೆ ಅದನ್ನ ಮುಟ್ಟಲೇಬೇಡಿ!" ಹಿತ್ತಿಲಿಗೆ ಒಯ್ದು ಝಾಡಿಸಿ, ನೆನೆಸಿ, ಬರಿಗೈಯಲ್ಲಿ ಉಜ್ಜಿ ಉಜ್ಜಿ ಒಗೆಯುವಳು. ವಾಸನೆ ಹೋಯಿತೇ ಎಂದು ಮೂಗಿಗೆ ಹಿಡಿದು ನೋಡುವಳು. ಅನುಮಾನ ಬಂದರೆ ಮತ್ತೆ ನೀರಿಗೆ. "ಅಲ್ವೇ, ಬಟ್ಟೆ ಒಗೀತಿದ್ದೀಯೋ ಹರೀತಿದ್ದೀಯೋ?" ಎಂದು ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ರೇಗಿಸುತ್ತಿದ್ದರು.

ಒಗೆಯುವಾಗ ಒಮ್ಮೊಮ್ಮೆ ಅವಳ ಎದೆ ಡವಗುಟ್ಟುವುದು. ಬಡಿದುಕೊಳ್ಳುತ್ತಿದ್ದದ್ದು ತಟ್ಟನೆ ನಿಂತು ಮತ್ತೆ ಧಡಕ್ಕೆಂದು ಶುರುವಾಗುವುದು. ಕಣ್ಣು ಕತ್ತಲಿಡುವುದು. ಯಾರಿಗೂ ಹೇಳಲಿಲ್ಲ. ಹೇಳುವುದೇನು ಮಣ್ಣು? ಬುದ್ಧಿ ಬಂದಾಗಿನಿಂದ ಅವಳ ಎದೆ ಡವಗುಟ್ಟುತ್ತಲೇ ಬಂದಿದೆ. ದೇವರೇ, ಇವರಿಗೇನೂ ಆಗದಿರಲಿ ಎಂದುಕೊಂಡು, ತೋಳಿನಿಂದ ಬೆವರು ಒರೆಸಿಕೊಂಡು ಮತ್ತೆ ಉಜ್ಜುತ್ತಿದ್ದಳು.

ಕೊನೆಗೆ ಕಾಡಿ ಬೇಡಿ, ಅತ್ತು ಕರೆದು ಗಂಡನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಅವನ ಕೆಲಸ ಏನೆಂದು ಕೇಳಿ ತಿಳಿದು, ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಇವಳು ಉಸಿರು ಬಿಗಿಹಿಡಿದು ಮಂಚದ ಪಕ್ಕ ನಿಂತಿದ್ದಳು.

"ಸದ್ಯಕ್ಕೆ ಇವರ ಹಾರ್ಟ್ ಚೆನ್ನಾಗಿದೆ."

"ಅಬ್ಬಾ!" ಎಂದಳು. ಎನ್ನುತ್ತಲೇ ಮಂಚದ ಕಂಬಿ ಹಿಡಿದುಕೊಂಡಳು. ಕಣ್ಣು ಮತ್ತೆ ಕತ್ತಲಿಟ್ಟಿತ್ತು.

"ಅವಳದ್ದು ಇದ್ದದ್ದೇ ಬಿಡಿ ಮೇಡಂ, ನಮ್ಮ ಬೀದೀಲಿ ಗಾಬರಿ ಅಂತಾನೇ ಹೆಸರು" ಎಂದು ಗಂಡ ನಕ್ಕ.

ಡಾಕ್ಟರಮ್ಮ ನಗಲಿಲ್ಲ. ಅವಳ ನಾಡಿ ಹಿಡಿದರು. ಹಿಡಿದೇ ಇದ್ದರು. ಆಮೇಲೆ ಅವಳನ್ನೂ ಮಲಗಿಸಿ ವೈರು ಅಂಟಿಸಿದರು. ಅವಳ ಕಾಗದದ ಗೆರೆ ಗಂಡನದರ ಹಾಗಿರಲಿಲ್ಲ.

"ಇವರ ಕೆಲಸದ ಬಟ್ಟೆ ಒಗೆಯೋದು ಯಾರು?"

"ನಾನೇ. ಅವರಿಗೆ ಮುಟ್ಟೋಕೂ ಬಿಡಲ್ಲ" ಎಂದಳು, ಸ್ವಲ್ಪ ಹೆಮ್ಮೆಯಿಂದಲೇ.

"ಬರಿಗೈಲಾ? ಅಯ್ಯೋ. ಅವರಿಗೆ ಅಲ್ಲಿ ಗ್ಲೌಸು, ಮಾಸ್ಕು ಎಲ್ಲಾ ಕೊಡ್ತಾರೆ. ನಿಮಗೆ? ಝಾಡಿಸಿದ್ರೆ ಮೂಗಿಗೆ ಹೋಗುತ್ತೆ, ಉಜ್ಜಿದ್ರೆ ಚರ್ಮಕ್ಕೆ ಇಳಿಯುತ್ತೆ. ಅದರಿಂದಾನೇ ಹೀಗಾಯ್ತು ಅಂತ ಈಗ್ಲೇ ಹೇಳೋಕಾಗಲ್ಲ, ರಕ್ತ ಪರೀಕ್ಷೆ ಮಾಡೋಣ. ಆದ್ರೆ ಬಡಿತ ತಪ್ತಿರೋದು ನಿಜ. ಇದು ಬರೀ ಹೆದರಿಕೆ ಅಲ್ಲಮ್ಮ. ಇನ್ಮೇಲೆ ಆ ಬಟ್ಟೆ ಹತ್ರ ಸುಳೀಬೇಡಿ."

ಹೆದರಿಕೆ ಅಲ್ಲವಂತೆ! ಇದಕ್ಕಿಂತ ಭಯಂಕರವಾದ ಮಾತನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಹಾಗಾದರೆ ಹಿತ್ತಿಲಲ್ಲಿ ಅಷ್ಟು ಸಲ ಎದೆ ನಿಂತು ನಿಂತು ಬಡಿದದ್ದು? ಅವತ್ತೇ ಕಲ್ಲಿನ ಮೇಲೆ ಬಿದ್ದು ಹೋಗಿಬಿಟ್ಟಿದ್ದರೆ? ಮನೆ ಮುಟ್ಟುವವರೆಗೂ ಗಂಡನ ತೋಳು ಬಿಡಲಿಲ್ಲ.

ಈಗ ಮಾತ್ರೆ ನುಂಗುತ್ತಾಳೆ. ತನ್ನನ್ನು ಪ್ಯಾಕಿಂಗ್ ಕೆಲಸಕ್ಕೆ ಹಾಕಿ ಎಂದು ಗಂಡ ಕೇಳಿಕೊಂಡಿದ್ದಾನೆ, ಪಾಲಿಹೌಸಿನವರು ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ಮೊಣಕೈವರೆಗೂ ಗ್ಲೌಸು ಏರಿಸಿಕೊಂಡು ತನ್ನ ಬಟ್ಟೆ ತಾನೇ ಒಗೆಯುತ್ತಾನೆ. ಅವಳು ಒಳಗೇ ಇರುತ್ತಾಳೆ. ಎದೆ ಒಂದು ಸಲ ಡವ ಎಂದರೆ ಸಾಕು, ಇದು ಹಳೆಯ ಗಾಬರಿಯೋ ಆ ಇನ್ನೊಂದೋ ತಿಳಿಯದೆ ಗೋಡೆ ಹಿಡಿದು ನಿಲ್ಲುತ್ತಾಳೆ.

ಮೊನ್ನೆ ಹಾಗೆ ನಿಂತವಳು ತಡೆಯಲಾರದೆ "ರೀ!" ಎಂದು ಚೀರಿದಳು. ಅವನು ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಅವಳು ಗೋಡೆಗೊರಗಿ ಕೆಳಕ್ಕೆ ಜಾರುತ್ತಿದ್ದಳು. ಹಿಡಿಯಲು ಕೈ ಚಾಚಿದವನು ಅರ್ಧಕ್ಕೇ ತಡೆದುಕೊಂಡ. ಗ್ಲೌಸಿನಿಂದ ಅಂಗಿಯ ನೀರು ತೊಟ್ಟಿಕ್ಕುತ್ತಿತ್ತು. ಹಲ್ಲಿನಿಂದ ಕಚ್ಚಿ ಎಳೆಯಲು ಹೋದ.

"ಬಾಯಿಗೆ ಬೇಡ, ಬಾಯಿಗೆ ಬೇಡ ರೀ!"

ಅವನು ಎರಡೂ ಕೈ ಮೇಲೆತ್ತಿಕೊಂಡು ಅವಳ ಮುಂದೆ ಮಂಡಿಯೂರಿ ಕುಳಿತ. ಮುಖ ಬಿಳುಚಿಕೊಂಡಿತ್ತು. "ಗಾಬರಿ ತಾನೇ? ಬರೀ ಗಾಬರಿ ಅಂತ ಹೇಳೇ. ನಿನ್ನ ದಮ್ಮಯ್ಯ, ಹೇಳೇ" ಎಂದು ಅಂಗಲಾಚಿದ.

ಅವಳು ಎದೆ ಒತ್ತಿಹಿಡಿದು ಅವನ ಮುಖವನ್ನೇ ನೋಡಿದಳು. ಗೊತ್ತಿದ್ದರೆ ತಾನೇ ಹೇಳುವುದು.