ಗೋಲ್‌ಕೀಪರ್ ಉಳಿಯಬೇಕಿತ್ತು

ಜಗದೇವಿ, ಸೇಡಂನಿಂದ ಬಂದಿದ್ದ ನಿನ್ನ ಸಂಬಂಧ ಮುರಿದವಳು ನಾನು. ಜಾತಕವಲ್ಲ, ನಿನ್ನ ಬಣ್ಣವಲ್ಲ, ನಿನ್ನಪ್ಪ ರೈಲ್ವೆ ಗ್ಯಾಂಗ್‌ಮನ್ ಎಂಬುದೂ ಅಲ್ಲ — ನಾನು, ನಿನಗೆ ಬಾಲ್ ಹಿಡಿಯಲು ಕಲಿಸಿದ ಪಿ.ಟಿ. ಟೀಚರ್. ಆರು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ.

ಆಗಿನ ಪರಿಸ್ಥಿತಿ ನಿನಗೆ ಗೊತ್ತು. ಶಾಲೆಯ ಹುಡುಗಿಯರು ಫುಟ್‌ಬಾಲ್ ಆಡಿದರೆ ನಮ್ಮ ವಾಡಿ ಊರಿನ ಮಂದಿ ಚಪ್ಪಾಳೆ ತಟ್ಟುತ್ತಾರೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದೇ ಹುಡುಗಿಯರು ಹದಿನೆಂಟು ದಾಟಿ ಸೀನಿಯರ್ ಟೀಮ್ ಎಂದರೆ — "ಇನ್ನಾ ಆಡಾಕತ್ತಾರೇನ್ರಿ?" ಎಂದು ನಗುತ್ತಾರೆ. ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು. ಮದುವೆಗೆ ಮುಂಚೆ ಎಲ್ಲರ ಗಂಡಿನ ಕಡೆಯವರೂ ಆಡಲು ಬಿಡುತ್ತೇವೆ ಅಂದವರೇ. ಒಬ್ಬಳೂ ಮರಳಿ ಬರಲಿಲ್ಲ. ಶಹಾಬಾದ್, ಚಿತ್ತಾಪುರ ಎಲ್ಲ ಅಲೆದು ಹೇಗೋ ಹನ್ನೊಂದು ಜನ ಕೂಡಿಸಿ ಕ್ಲಬ್ ಕಟ್ಟಿದ್ದೆ. ಗೋಲ್‌ಕೀಪರ್ ನೀನೊಬ್ಬಳೇ. ನೀನು ಹೋದರೆ ಆ ವರ್ಷ ಲೀಗ್‌ಗೆ ಹೆಸರು ಕೊಡುವಂತಿರಲಿಲ್ಲ, ಕ್ಲಬ್ಬೂ ಉಳಿಯುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಸೇಡಂನ ಆ ಹುಡುಗನ ಸೋದರತ್ತೆ ನನ್ನ ಮನೆಗೆ ಬಂದರು. ಹೆಣ್ಣಿನ ಬಗ್ಗೆ ವಿಚಾರಿಸಲು ಟೀಚರ್ ಹತ್ತಿರ ಬರುವುದು ನಮ್ಮ ಕಡೆ ಇದ್ದದ್ದೇ. ಚಹಾ ಕೊಟ್ಟೆ.

"ನಮ್ಮ ಹುಡುಗ ಆಕಿ ಆಟ ಬಿಡಸಂಗಿಲ್ಲ ಅಂತಾನ್ರಿ ಟೀಚರ್. ರವಿವಾರಕ್ಕೊಮ್ಮೆ ಸೇಡಂದಿಂದ ರೈಲಿಗಿ ಬಂದು ಹೋದ್ರ ನಡೀತದೇನ್ರಿ?"

ಅವರು ಕೇಳಿದ್ದು ಅಷ್ಟೇ, ಜಗದೇವಿ. ನಡೀತದ ಎಂದಿದ್ದರೆ ಮುಗಿಯುತ್ತಿತ್ತು. ನನಗೆ ನಂಬಿಕೆ ಬರಲಿಲ್ಲ — ಇಲ್ಲ, ಸುಳ್ಳು, ನಂಬುವ ಮನಸ್ಸೇ ಇರಲಿಲ್ಲ.

"ಹುಡುಗಿ ಛಲೋ ಅದಾಳ್ರಿ. ಆದ್ರ ಸಿಟ್ಟು ಭಾಳ. ಅತ್ತಿ ಮನ್ಯಾಗ ಬಾಳ್ವೆ ಮಾಡಾಕಿ ಅಲ್ರಿ."

ಅವರು ಅರ್ಧ ಚಹಾ ಬಿಟ್ಟು ಎದ್ದರು.

ನಾಲ್ಕು ದಿನದ ಮೇಲೆ, ಸೇಡಂನವರು ಒಲ್ಲೆವೆಂದ ಸುದ್ದಿ ಹೊತ್ತು ನೀನು ಬಂದೆ. ಆ ಹುಡುಗನನ್ನು ನೀನು ಮೆಚ್ಚಿದ್ದೆ — ಅದೂ ನನಗೆ ಗೊತ್ತಿತ್ತು. "ನನ್ನಾಗ ಏನ್ ಕಮ್ಮಿ ಅದ ಟೀಚರ್?" ಎಂದು ಅತ್ತುಬಿಟ್ಟೆ. ನಾನು ತಲೆ ಸವರಿ, ಸಂಜೆ ಪ್ರಾಕ್ಟೀಸ್‌ಗೆ ಬಾ ಎಂದೆ. ಥೂ, ಎಂಥ ಹೆಂಗಸು ನಾನು!

ಲೀಗ್ ಆಡಿದೆವು, ಸೋತೆವು, ಕ್ಲಬ್ ಉಳಿಯಿತು. ಆ ಹುಡುಗ ಬೇರೆ ಕಡೆ ಮದುವೆಯಾದ. ಸಿಟ್ಟಿನ ಹುಡುಗಿ ಎಂಬ ಹೆಸರು ಮಾತ್ರ ಸೇಡಂನಿಂದ ಚಿಂಚೋಳಿವರೆಗೆ ಹೋಯಿತು. ಆಮೇಲೆ ಬಂದ ಸಂಬಂಧಗಳೆಲ್ಲ ಯಾಕೆ ಹಿಂದೆ ಸರಿದವು ಎಂದು ನಿನ್ನ ಅವ್ವ ನನ್ನನ್ನೇ ಕೇಳುತ್ತಿದ್ದಳು.

ಕ್ಲಬ್ ಕಟ್ಟಿದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಈ ಸೀಮೆಯಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲೇ ಇಲ್ಲ ಎಂದವರ ಮುಂದೆ ನಿಮ್ಮನ್ನು ಮೈದಾನಕ್ಕಿಳಿಸಿದೆ, ಇನ್ನೂ ಇಳಿಸುತ್ತೇನೆ, ಯಾರೇನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ. ಆದರೆ ಹುಡುಗಿಯರನ್ನೂ ಒಂದು ಮಾತು ಕೇಳಿ ಎಂದು ಊರಿನ ಜೊತೆ ಜಗಳವಾಡಿದವಳು, ನಿನ್ನನ್ನು ಕೇಳಲಿಲ್ಲ. ಊರಿಗೂ ನನಗೂ ಏನು ಫರಕು ಉಳಿಯಿತು?

ನಿನ್ನೆ ಹೊಸ ಹುಡುಗಿಯರ ಮುಂದೆ "ಟೀಚರ್ ಇಲ್ಲಂದ್ರ ನಾ ಇಲ್ಲ" ಎಂದೆಯಲ್ಲ — ಸಾಕು, ಇನ್ನು ಆ ಮಾತು ಕೇಳಲಾರೆ. ಈ ಪತ್ರವನ್ನು ನಿನ್ನ ಕೈಗೇ ಕೊಡುತ್ತೇನೆ. ನನ್ನನ್ನು ಬೈ, ನನ್ನ ಮುಖ ನೋಡಬೇಡ, ಕ್ಲಬ್ ಬಿಟ್ಟು ಹೋಗು — ತಡೆಯುವುದಿಲ್ಲ, ಕರೆಯಲು ಮನೆಗೂ ಬರುವುದಿಲ್ಲ. ಜಗದೇವಿ ಅಕ್ಕ ಯಾಕೆ ಬಂದಿಲ್ಲ ಎಂದು ಆ ಹುಡುಗಿಯರು ಕೇಳಿದರೆ, ಮೈದಾನದಲ್ಲೇ ನಿಂತು, ನಾನು ಮಾಡಿದ್ದನ್ನು ಹೇಳುತ್ತೇನೆ.